ಕೂರಿಗೆ ಹಿಡಿಯುವ ಊರಿನಲ್ಲಿ ಬೀಜ ಎರಚುವ ಕಥೆ: ಸಭಾಪಾಲಕರಿಗೂ ಸಭಾ ಕಮಿಟಿಗಳಿಗೂ ಒಂದು ಬಹಿರಂಗ ಪತ್ರ

ದಾವಣಗೆರೆ, ಹರಿಹರ, ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರು ಸೀಮೆಯ ಮಾನ್ಯ ಸಭಾಪಾಲಕರೇ, ಗುರುಗಳೇ, ಕಮಿಟಿಯ ಹಿರಿಯರೇ,

ವಂದನೆಗಳು.

ಇನ್ನೇನು ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ಕಮಿಟಿಗಳು ಕೂರುವ ಕಾಲ ಬಂತು. ಕರಪತ್ರ ಎಷ್ಟು ಸಾವಿರ, ಶಾಮಿಯಾನ ಯಾರದು, ಸೌಂಡ್ ಸಿಸ್ಟಂ ಯಾರದು, ಹೊರಗಿನಿಂದ ಯಾರನ್ನು ಕರೆಸೋಣ ಅನ್ನುವುದರಲ್ಲೇ ಮೂರು ತಾಸು ಕಳೆಯುತ್ತದೆ. ಆ ಕರಪತ್ರವನ್ನು ಪಿ.ಬಿ. ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತವನೊಬ್ಬ ಓದಿದರೆ ಅವನಿಗೆ ಏನು ಅರ್ಥವಾದೀತು ಎಂಬ ಮಾತಿಗೆ ಐದು ನಿಮಿಷವೂ ಸಿಗುವುದಿಲ್ಲ. ಆ ಐದು ನಿಮಿಷವನ್ನು ಕೇಳಿಕೊಳ್ಳಲು ಈ ಪತ್ರ.

ನಾವು ಹೇಳುವುದು ಇಷ್ಟೇ. ಪಕ್ಕದ ಮನೆಯವರ ಮಾತು, ಬೆಳೆ, ಊಟ, ಹಬ್ಬ ತಿಳಿಯದೆ ಸುವಾರ್ತೆ ಹೇಳಹೊರಟರೆ ಅದು ಅವರನ್ನು ಮುಟ್ಟುವುದಿಲ್ಲ. ಅವರದೇ ವೇಷ ಹಾಕಿಕೊಂಡು ಹೇಳಿದರೆ ಮುಟ್ಟಬಹುದು, ನಂಬುವುದಿಲ್ಲ.

ಮೊದಲು ಮಾತು. 'ನೀವು ಪಾಪಿಗಳು' ಎಂದು ಕರಪತ್ರದ ಮೊದಲ ಸಾಲಿನಲ್ಲೇ ಹಾಕುತ್ತೇವೆ. ಬೀದಿಯ ಕನ್ನಡದಲ್ಲಿ 'ಪಾಪ' ಅಂದರೆ ಅಯ್ಯೋ ಅನ್ನಿಸುವುದು ('ಪಾಪ, ಒಳ್ಳೆ ಮನುಷ್ಯ'), 'ಪಾಪಿ' ಅಂದರೆ ಬೈಗುಳ. ಓದುವವನಿಗೆ ಕರುಣೆಯೂ ಕಾಣುವುದಿಲ್ಲ, ತತ್ವವೂ ಕಾಣುವುದಿಲ್ಲ, ಬೈಸಿಕೊಂಡಂತಾಗುತ್ತದೆ. 'ಕರ್ತನು' ಅಂದರೆ ಶಾಲೆಗೆ ಹೋದವನಿಗೆ ವ್ಯಾಕರಣದ ಕರ್ತೃ, ಮಠಕ್ಕೆ ನಡೆದುಕೊಳ್ಳುವವನಿಗೆ ಕರ್ತೃ ಗದ್ದುಗೆ. ಕಥೋಲಿಕರು ಮೊದಲಿಂದಲೂ ಹೇಳುವ 'ಯೇಸುಸ್ವಾಮಿ' ಎಷ್ಟೋ ಮೇಲು, ಯಾರಿಗೂ ಬಿಡಿಸಿ ಹೇಳಬೇಕಿಲ್ಲ. 'ಅಭಿಷೇಕ' ಅಂದಕೂಡಲೇ ಕಣ್ಣಿಗೆ ಬರುವುದು ಹಾಲು, ಎಳನೀರು, ರುದ್ರಾಭಿಷೇಕ. 'ಆತ್ಮ ಬಂತು' ಅಂದರೆ ದೆವ್ವ. 'ಪವಿತ್ರಾತ್ಮ ಅವರ ಮೇಲೆ ಬಂತು' ಎಂದು ಪ್ರಸಂಗದಲ್ಲಿ ಹೇಳಿದಾಗ, ದುಗ್ಗಮ್ಮನ ಜಾತ್ರೆಯಲ್ಲಿ ಮೈಮೇಲೆ ದೇವರು ಬರುವುದನ್ನು ಕಂಡವರಿಗೆ ಅದೇ ಚಿತ್ರ ಮೂಡುತ್ತದೆ. ಬೇರೆ ಯಾವ ಚಿತ್ರ ತಾನೆ ಮೂಡೀತು? ಇಂಥ ಕಡೆ ಒಂದು ವಾಕ್ಯ ಹೆಚ್ಚು ಖರ್ಚು ಮಾಡಿ: ಮೈಮೇಲೆ ಬಂದು ಹೋಗುವುದಲ್ಲ, ಮನೆಯವರಂತೆ ಜೊತೆಗಿರುವುದು.

ಇನ್ನು ಎರಡು ಪದಗಳನ್ನು ಬ್ಯಾನರಿನಿಂದ, ಮೈಕಿನಿಂದ ಪೂರ್ತಿ ತೆಗೆದುಹಾಕಿ. ಒಂದು 'ಅನ್ಯಜನರು'. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಅದು ಯೆಹೂದ್ಯರಲ್ಲದವರಿಗೆ ಬಳಸಿದ ಮಾತು. ಆ ಲೆಕ್ಕದಲ್ಲಿ ನಾವೂ ಅನ್ಯಜನರೇ. ಮೂರು ತಲೆಮಾರಿನಿಂದ ಪಕ್ಕದಲ್ಲಿರುವ ಮನೆಯವರನ್ನು ಮೈಕಿನಲ್ಲಿ ಹಾಗೆ ಕರೆದರೆ ಅವರ ಕಿವಿಗೆ ಅದು 'ಹೊರಗಿನವರು' ಎಂದೇ ಬೀಳುತ್ತದೆ. ಇನ್ನೊಂದು 'ಕ್ರುಸೇಡ್'. ಅದು ಮಧ್ಯಯುಗದ ಯುದ್ಧದ ಹೆಸರು. ಶಾಲೆಯ ಇತಿಹಾಸದ ಪಾಠದಲ್ಲೇ ಬರುತ್ತದೆ. ಪ್ರಾರ್ಥನಾ ಕೂಟಕ್ಕೆ ಯುದ್ಧದ ಹೆಸರಿಟ್ಟು, ಊರವರು ಅನುಮಾನಪಟ್ಟರೆ ಅವರ ಮೇಲೇ ಮುನಿಸಿಕೊಳ್ಳುವುದು ಯಾವ ನ್ಯಾಯ?

'ಪಾಪ'ದ ಜಾಗದಲ್ಲಿ ಏನು ಹೇಳುವುದು ಎಂದು ಕೇಳುವಿರಿ. ಯೇಸುಸ್ವಾಮಿಯೇ ಹೇಳಿಕೊಟ್ಟ ಪದವಿದೆ: ಸಾಲ. ಮತ್ತಾಯನ ಸುವಾರ್ತೆಯ ಕರ್ತನ ಪ್ರಾರ್ಥನೆಯಲ್ಲಿ ನಾವು 'ತಪ್ಪು' ಎಂದು ಹೇಳುವ ಕಡೆ ಗ್ರೀಕ್ ಮೂಲದಲ್ಲಿರುವುದು ಸಾಲ ಎಂಬ ಮಾತೇ. ನಮ್ಮ ಸೀಮೆಯ ರೈತನಿಗೆ ಸಾಲವನ್ನು ಯಾರೂ ವಿವರಿಸಬೇಕಿಲ್ಲ. ಮತ್ತಾಯ 18ರ ಕ್ಷಮಿಸದ ಆಳಿನ ಕಥೆ ತೆಗೆದುಕೊಳ್ಳಿ: ಒಡೆಯನಿಂದ ದೊಡ್ಡ ಸಾಲ ಮನ್ನಾ ಮಾಡಿಸಿಕೊಂಡ ಆಳು, ತನಗೆ ಸಣ್ಣ ಸಾಲ ಕೊಡಬೇಕಿದ್ದ ಜೊತೆಗಾರನನ್ನು ಬಿಡಲಿಲ್ಲ. 'ಹತ್ತು ಸಾವಿರ ತಲಾಂತು' ಎಂದು ಓದಿ ಮುಂದೆ ಹೋದರೆ ಕೇಳುವವನಿಗೆ ಅದು ಹತ್ತು ಸಾವಿರ ರೂಪಾಯಿಯೋ ಹತ್ತು ಸಾವಿರ ಸೇರೋ ಗೊತ್ತಾಗುವುದಿಲ್ಲ. ಒಂದು ದಿನಾರು ಅಂದರೆ ಒಂದು ದಿನದ ಕೂಲಿ. ಒಂದು ತಲಾಂತು ಅಂದರೆ ಸುಮಾರು 6,000 ದಿನದ ಕೂಲಿ. ದಿನಕ್ಕೆ 400 ರೂಪಾಯಿ ಹಿಡಿಯಿರಿ. ಜೊತೆಗಾರ ಕೊಡಬೇಕಿದ್ದ ನೂರು ದಿನಾರು 40,000 ರೂಪಾಯಿ. ಕಡಿಮೆ ಮೊತ್ತವೇನಲ್ಲ, ಒಂದು ಹಸು ಬರುತ್ತದೆ. ಒಡೆಯ ಬಿಟ್ಟುಕೊಟ್ಟದ್ದು 2,400 ಕೋಟಿ. ಈ ಎರಡು ಅಂಕಿ ಹೇಳಿ ಸುಮ್ಮನೆ ನಿಂತರೆ ಸಾಕು, ಉಳಿದದ್ದನ್ನು ಕಟ್ಟೆಯ ಮೇಲೆ ಕೂತವರೇ ಹೇಳುತ್ತಾರೆ. ಸಾಲ ಮನ್ನಾ ಅಂದರೆ ಆ ದುಡ್ಡನ್ನು ಇನ್ಯಾರೋ ಹೊತ್ತುಕೊಳ್ಳಬೇಕು ಎಂಬುದೂ ಅವರಿಗೆ ಗೊತ್ತು. ಶಿಲುಬೆಯ ಮಾತಿಗೆ ಅದಕ್ಕಿಂತ ಹತ್ತಿರದ ಬಾಗಿಲು ನಮಗೆ ತಿಳಿದಿಲ್ಲ.

ಇದು ಹೊಸ ಉಪಾಯವೇನಲ್ಲ. ಅಪೊಸ್ತಲ ಪೌಲನು ಗ್ರೀಸಿನ ಅಥೇನೆಯಲ್ಲಿ ಮಾತಾಡುವ ಮುಂಚೆ ಊರೆಲ್ಲ ಸುತ್ತಿ ಅವರ ಪೂಜಾಸ್ಥಾನಗಳನ್ನು ನೋಡಿದ, ಅವರ ಕವಿಗಳ ಮಾತನ್ನೇ ಎತ್ತಿದ. ಅಪೊಸ್ತಲರ ಕೃತ್ಯಗಳ 17ನೇ ಅಧ್ಯಾಯವನ್ನು ನಾವೆಲ್ಲ ಓದಿದ್ದೇವೆ. ಆದರೆ ನಮ್ಮ ಕಡೆಗೆ ಹತ್ತಿರವಾದದ್ದು 14ನೇ ಅಧ್ಯಾಯದ ಲುಸ್ತ್ರ ಎಂಬ ಊರು. ಅಲ್ಲಿ ಪೌಲ ಧರ್ಮಶಾಸ್ತ್ರದ ಹೆಸರು ಹೇಳಿ ಒಂದು ಸಾಲನ್ನೂ ಉದ್ಧರಿಸಲಿಲ್ಲ. ಮಳೆ, ಸುಗ್ಗಿ, ಹೊಟ್ಟೆ ತುಂಬ ಊಟ, ಇಷ್ಟನ್ನೇ ಹಿಡಿದು ಮಾತಾಡಿದ.

ಸುಗ್ಗಿ ಅಂದಮೇಲೆ ಬಿತ್ತುವವನ ಸಾಮ್ಯಕ್ಕೆ ಬರಬೇಕು: ಕೆಲವು ಬೀಜ ದಾರಿ, ಬಂಡೆ, ಮುಳ್ಳಿನ ನೆಲದಲ್ಲಿ ಬಿದ್ದು ಹಾಳಾದವು, ಒಳ್ಳೆ ನೆಲದಲ್ಲಿ ಬಿದ್ದವು ಹಲವು ಪಟ್ಟು ಫಲ ಕೊಟ್ಟವು ಎಂಬ ಯೇಸುಸ್ವಾಮಿಯ ದೃಷ್ಟಾಂತ. ಹಳ್ಳಿ ಕೂಟಗಳಲ್ಲಿ ಅತಿ ಹೆಚ್ಚು ಹೇಳುವ ಕಥೆ ಇದು, ಅತಿ ಹೆಚ್ಚು ಕೆಡುವುದೂ ಇದೇ. ಮೊದಲ ತೊಡಕು ಕೂರಿಗೆ. ನಮ್ಮಲ್ಲಿ ಬೀಜವನ್ನು ಎರಚುವುದಿಲ್ಲ. ಮೂರು ತಾಳಿನದೋ ನಾಲ್ಕು ತಾಳಿನದೋ ಕೂರಿಗೆಯ ಬಟ್ಟಲಿಗೆ ಕಾಳು ಬಿಡುತ್ತಾರೆ, ಕಾಳು ಸಾಲಿನೊಳಗೇ ಇಳಿಯುತ್ತದೆ, ನಡುನಡುವೆ ಬೇರೆ ಬೆಳೆಯ ಅಕ್ಕಡಿ ಸಾಲು ಇರುತ್ತದೆ. ಈಗ ಅದೇ ಕೆಲಸವನ್ನು ಟ್ರ್ಯಾಕ್ಟರ್ ಮಾಡುತ್ತದೆ. ಹೀಗಿರುವಾಗ 'ಒಬ್ಬನು ಬಿತ್ತುವುದಕ್ಕೆ ಹೊರಟನು, ಕೆಲವು ಬೀಜ ದಾರಿಯ ಮಗ್ಗುಲಲ್ಲಿ ಬಿದ್ದವು' ಎಂದರೆ ಹಿಂದೆ ಕೂತ ಹಿರಿಯರೊಬ್ಬರು ಮೀಸೆಯಲ್ಲೇ ನಗುತ್ತಾರೆ: ಇವನೆಂಥ ಒಕ್ಕಲಿಗ, ದಾರಿ ಮೇಲೆ ಬೀಜ ಸುರಿಯುತ್ತಾನೆ! ಆ ನಗುವನ್ನು ಕಾಣದಂತೆ ಮುಂದೆ ಹೋಗಬೇಡಿ. ಮೊದಲೇ ಹೇಳಿ: ಆ ದೇಶದಲ್ಲಿ ಕೈಯಲ್ಲಿ ಎರಚುವ ಪದ್ಧತಿ, ನಮ್ಮಲ್ಲಿ ಭತ್ತದ ಸಸಿಮಡಿಗೆ ಚೆಲ್ಲುವಂತೆ. ಮಡಿಲಿನಿಂದ ಹಿಡಿ ತೆಗೆದು ಕೈ ಬೀಸಿ ತೋರಿಸಿ. ಭದ್ರಾ ನಾಲೆಯ ಭತ್ತದ ಊರುಗಳಲ್ಲಿ ಇದು ಥಟ್ಟನೆ ಹತ್ತುತ್ತದೆ.

ಎರಡನೆಯದು ನೆಲ. 'ಬಂಡೆಯ ನೆಲ' ಅನ್ನುವ ಬದಲು ಮರಡಿ ಅನ್ನಿ, ಮೇಲೆ ನಾಲ್ಕು ಬೆರಳು ಮಣ್ಣು, ಕೆಳಗೆ ಕಲ್ಲು. 'ಮುಳ್ಳುಗಿಡ' ಅನ್ನುವ ಬದಲು ಬಳ್ಳಾರಿ ಜಾಲಿ ಅನ್ನಿ. ಬುಡ ಕಡಿದರೂ ಮತ್ತೆ ಚಿಗುರುವ ಅದರ ಹಟ ಗೊತ್ತಿಲ್ಲದವರು ಚಳ್ಳಕೆರೆ ತಾಲ್ಲೂಕಿನಲ್ಲಿ ಯಾರಿದ್ದಾರೆ.

ಮೂರನೆಯದು ಲೆಕ್ಕ. ಇಲ್ಲೇ ಕಥೆ ಪೂರ್ತಿ ಮುಗ್ಗರಿಸುವುದು. 'ಮೂವತ್ತರಷ್ಟು, ಅರವತ್ತರಷ್ಟು, ನೂರರಷ್ಟು' ಎಂಬುದು ಗೋಧಿ, ಜವೆಗೋಧಿಯ ನಾಡಿನಲ್ಲಿ ಬೆರಗಿನ ಮಾತು. ದಾವಣಗೆರೆ ಸುತ್ತಿನ ಮೆಕ್ಕೆಜೋಳದ ರೈತನಿಗೆ ಹೇಳಿ ನೋಡಿ. ಎಕರೆಗೆ 8 ಕೆಜಿ ಬೀಜ ಹಾಕುತ್ತಾನೆ. ಮೂವತ್ತರಷ್ಟು ಅಂದರೆ 240 ಕೆಜಿ, ಎರಡೂವರೆ ಕ್ವಿಂಟಲ್ಲೂ ಇಲ್ಲ. ಗೊಬ್ಬರದ ಅಂಗಡಿ ಬಾಕಿಯೂ ತೀರುವುದಿಲ್ಲ! ನೂರರಷ್ಟು ಅಂದರೂ 8 ಕ್ವಿಂಟಲ್. ಮಳೆ ಚೆನ್ನಾಗಿ ಆದ ವರ್ಷ 20 ಕ್ವಿಂಟಲ್ ತೆಗೆಯುವವನಿಗೆ ಅದು ಬೆಳೆ ಹೋದ ವರ್ಷದ ಲೆಕ್ಕ. ನೀವು ದೇವರ ರಾಜ್ಯದ ಸಮೃದ್ಧಿ ಹೇಳುತ್ತಿದ್ದೀರಿ, ಅವನಿಗೆ ಬೆಳೆ ಪರಿಹಾರದ ಅರ್ಜಿ ಕೇಳಿಸುತ್ತಿದೆ. ಅದೇ ಕಥೆಯನ್ನು ಚಳ್ಳಕೆರೆ ಕಡೆ ಶೇಂಗಾ ಹಿಡಿದು ಹೇಳಿ. ಎಕರೆಗೆ 45 ಕೆಜಿ ಬೀಜ ಹಾಕಿ, ಮಳೆಯಾಶ್ರಯದಲ್ಲಿ ನಾಲ್ಕು-ಐದು ಕ್ವಿಂಟಲ್ ಕಾಯಿ ಬಂದರೆ ಕೈಮುಗಿಯುತ್ತಾರೆ. ಅಂದರೆ ಹತ್ತರಷ್ಟು. ಅಲ್ಲಿ 'ಒಂದಕ್ಕೆ ನೂರು' ಅಂದರೆ ಎಕರೆಗೆ 45 ಕ್ವಿಂಟಲ್. ಆಗ ಮುಖ ಎತ್ತಿ ನೋಡುತ್ತಾರೆ. ಊರಿಗೆ ಹೋಗುವ ಮುಂಚೆ ಈ ಸಲ ಅಲ್ಲಿ ಏನು ಬಿತ್ತಿದ್ದಾರೆ ಎಂದು ಕೇಳಿಕೊಂಡು ಹೋಗುವುದು ಪ್ರಸಂಗದ ತಯಾರಿಯ ಭಾಗವೇ.

ಸ್ವಲ್ಪ ಹುಳಿ ಹಿಟ್ಟನ್ನೆಲ್ಲ ಹುಳಿ ಮಾಡುವ ಹುಳಿಹಿಟ್ಟಿನ ಸಾಮ್ಯಕ್ಕೆ 'ಹೆಪ್ಪು' ಅನ್ನಿ, ಮುಗಿಯಿತು. ಕಾನಾ ಊರಿನ ಮದುವೆಯ ಕಥೆಯನ್ನು ಮಾತ್ರ ಮೊದಲ ಭೇಟಿಗೆ ಇಟ್ಟುಕೊಳ್ಳಬೇಡಿ. ಸಾರಾಯಿ, ಬ್ರಾಂದಿಯಿಂದ ಮನೆ ಹಾಳಾದ ಹೆಂಗಸರು ಸ್ವಸಹಾಯ ಸಂಘ ಕಟ್ಟಿಕೊಂಡು ಹೋರಾಡುವ ಊರಿನಲ್ಲಿ, ದೇವರು ಆರು ಬಾನಿ ತುಂಬ ದ್ರಾಕ್ಷಾರಸ ಮಾಡಿಕೊಟ್ಟ ಎಂಬುದರಿಂದ ಪರಿಚಯ ಶುರುವಾಗುವುದು ಬೇಡ.

ಕುರಿ ಕಾಯುವವರ ನಡುವೆ, ನೂರು ಕುರಿಯಲ್ಲಿ ಕಳೆದುಹೋದ ಒಂದನ್ನು ಹುಡುಕಿಹೋದವನ ಲೂಕ 15ರ ಕಥೆ ಹೇಳಿದರೆ ಒಂದು ಪ್ರಶ್ನೆ ಖಂಡಿತ ಬರುತ್ತದೆ: 'ಒಂದನ್ನು ಹುಡುಕೋಕೆ ಹೋದ, ಸರಿ. ತೊಂಬತ್ತೊಂಬತ್ತನ್ನು ತೋಳದ ಬಾಯಿಗೆ ಬಿಟ್ಟನೇ?' ಈ ಪ್ರಶ್ನೆಯನ್ನು ಅಧಿಕಪ್ರಸಂಗ ಅಂದುಕೊಂಡವರಿಗೆ ಕಥೆಯೇ ಅರ್ಥವಾಗಿಲ್ಲ. ಬುದ್ಧಿವಂತ ಕುರಿಗಾರ ಹಾಗೆ ಮಾಡುವುದಿಲ್ಲ ಎಂಬಲ್ಲೇ ಕಥೆಯ ತೂಕವಿದೆ. ಉತ್ತರ ಕೊಡಲು ಅವಸರ ಮಾಡಬೇಡಿ, ಅವರವರೇ ವಾದಿಸಲಿ. ರೊಪ್ಪದಲ್ಲಿ ಜೊತೆಗಾರರಿರುತ್ತಾರೆ, ನಾಯಿ ಇರುತ್ತದೆ ಎಂದು ಒಬ್ಬ ಹೇಳುತ್ತಾನೆ. ಆದರೂ ರಾತ್ರಿ ಒಬ್ಬನೇ ಹೋಗುವುದು ಹುಚ್ಚು ಎಂದು ಇನ್ನೊಬ್ಬ. ಆ ಹುಚ್ಚಿನ ಬಗ್ಗೆಯೇ ಅಲ್ಲವೇ ನೀವು ಹೇಳಬಂದದ್ದು.

ನಾಯಕನಹಟ್ಟಿ ಸುತ್ತಮುತ್ತ ಹೋಗುವವರು ಇನ್ನೊಂದನ್ನು ತಿಳಿದಿರಬೇಕು. ಅಲ್ಲಿ ಕೆರೆ ಕಟ್ಟಿಸಿದ ತಿಪ್ಪೇರುದ್ರಸ್ವಾಮಿಗಳ 'ಮಾಡಿದಷ್ಟು ನೀಡು ಭಿಕ್ಷೆ' ಎಂಬ ಮಾತು ಲಾರಿಯ ಹಿಂದೆ, ಅಂಗಡಿಯ ಗೋಡೆಯ ಮೇಲೆ, ಜನರ ಬಾಯಲ್ಲಿ ಇದೆ. ಮತ್ತಾಯ 20ರಲ್ಲಿ ಬೆಳಗ್ಗೆ ಬಂದವನಿಗೂ ಸಂಜೆ ಬಂದವನಿಗೂ ಒಂದೇ ಕೂಲಿ ಕೊಡುವ ತೋಟದ ಯಜಮಾನನ ಕಥೆ ನೇರವಾಗಿ ಇದಕ್ಕೆ ಎದುರು ನಿಲ್ಲುತ್ತದೆ. ಎದುರು ನಿಲ್ಲುತ್ತದೆಂದು ಮುಚ್ಚಿಡುವುದೂ ತಪ್ಪು, ಅವರ ಮಾತನ್ನು ಕೀಳುಮಾಡುವುದೂ ತಪ್ಪು. ದುಡಿದವನಿಗೆ ದುಡಿದಷ್ಟು ಸಿಗಲಿ ಎಂಬುದು ಬಡವನನ್ನು ಕಾಯುವ ಮಾತು, ನಮ್ಮ ಸಭೆಯ ಕೂಲಿಕಾರರಿಗೂ ಬೇಕಾದ ಮಾತು. ಅದನ್ನು ಒಪ್ಪಿ, ಗೌರವದಿಂದ ಹೇಳಿ, ಆಮೇಲೆ ಯೇಸುಸ್ವಾಮಿ ಬೇರೆ ಕಥೆ ಯಾಕೆ ಹೇಳಿದರು ಎಂದು ಕೇಳಿ. ಶರಣರ ವಚನವೊಂದನ್ನು ಓದಿ ಮರುಕ್ಷಣವೇ 'ಆದರೆ' ಎಂದು ಶುರುಮಾಡುವ ಚಾಳಿ ಕೆಲವು ವೇದಿಕೆಗಳಲ್ಲಿದೆ. ಶರಣರ ಮಾತನ್ನು ಏಣಿ ಮಾಡಿಕೊಂಡು ಹತ್ತಿ ಒದೆಯುವುದು ಅದು. ಲಿಂಗಾಯತ ಕೇಳುಗ ಆ 'ಆದರೆ' ಬಂದ ಕ್ಷಣವೇ ಎದ್ದುಹೋಗಿರುತ್ತಾನೆ, ಮೈ ಮಾತ್ರ ಕುರ್ಚಿಯಲ್ಲಿರುತ್ತದೆ.

ಹಾಡಿನ ವಿಷಯ ಬಂದರೆ ಸ್ವಲ್ಪ ನಾಚಿಕೆಯೇ ಆಗುತ್ತದೆ. ಜರ್ಮನಿಯಿಂದ ಬಂದ ಪಾದ್ರಿ ಮೊಗ್ಲಿಂಗ್ 1850ರಲ್ಲಿ ಮಂಗಳೂರಿನಲ್ಲಿ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಅಲ್ಲಿಂದಲೇ ಬಂದ ಪಾದ್ರಿ ಕಿಟೆಲ್ 1862ರಲ್ಲೇ ಯೇಸುವಿನ ಚರಿತ್ರೆಯನ್ನು ಇಲ್ಲಿನ ಛಂದಸ್ಸಿಗೆ ಕೂರಿಸಿ ಪದ್ಯವಾಗಿ ಪ್ರಕಟಿಸಿದರು; 1875ರಲ್ಲಿ ನಾಗವರ್ಮನ ಛಂದಶ್ಶಾಸ್ತ್ರ ಸಂಪಾದಿಸಿದರು, 1894ರಲ್ಲಿ ನಿಘಂಟು ಕೊಟ್ಟರು. ಕನ್ನಡವನ್ನೇ ಉಸಿರಾಡುವ ನಾವು ತೆಲುಗು, ತಮಿಳು, ಇಂಗ್ಲಿಷ್ ಹಾಡುಗಳ ರಾಗಕ್ಕೆ ಕನ್ನಡ ಪದ ತುರುಕಿ ಹಾಡುತ್ತೇವೆ. ಎಲ್ಲಿ ಕೆಡುತ್ತದೆ ಎಂದು ಕಂಡುಹಿಡಿಯುವುದು ಸುಲಭ. ರಾಗ ಬಿಟ್ಟು, ಕೈತಾಳ ಹಾಕುತ್ತ ಸಾಲನ್ನು ಬರೀ ಮಾತಿನಂತೆ ಹೇಳಿ ನೋಡಿ. 'ಯೇಸು' ಎಂಬುದು 'ಯೆಸೂ' ಆಗಿ ಎಳೆದರೆ, ಎಂಟು ಮಾತ್ರೆಯ ಜಾಗಕ್ಕೆ ಹನ್ನೊಂದು ನುಗ್ಗಿದರೆ, ಆ ಸಾಲು ಅನುವಾದದ್ದು. ಇನ್ನೊಂದು ಕನ್ನಡದ ಕಿವಿಯ ಗುಟ್ಟು: ನಮ್ಮ ಹಳೆಯ ಹಾಡುಗಳಲ್ಲಿ ಪ್ರಾಸ ಸಾಲಿನ ಕೊನೆಯಲ್ಲಲ್ಲ, ಎರಡನೇ ಅಕ್ಷರದಲ್ಲಿ ಕೂರುತ್ತದೆ. ಸೋಬಾನೆ ಹಾಡುವ ಅಜ್ಜಿ ಒಮ್ಮೆ ಕೇಳಿ ಹಾಡನ್ನು ಹಿಡಿದುಕೊಳ್ಳುವುದು ಆ ಕೊಕ್ಕೆಯಿಂದ. ತ್ರಿಪದಿಯಲ್ಲಿ, ಕೋಲಾಟದ ಮಟ್ಟಿನಲ್ಲಿ ಕ್ರಿಸ್ತ ಜಯಂತಿಯ ಪದ ಕಟ್ಟಬಲ್ಲವರು ನಮ್ಮ ಸಭೆಗಳಲ್ಲೇ ಇದ್ದಾರೆ, ಕೀಬೋರ್ಡ್ ನುಡಿಸಲು ಬಾರದ ಕಾರಣ ಹಿಂದಿನ ಬೆಂಚಿನಲ್ಲಿ ಕೂತಿದ್ದಾರೆ. ಒಂದು ಹಾರ್ಮೋನಿಯಂ, ಒಂದು ಡೋಲಕ್, ಎರಡು ಜೊತೆ ತಾಳ ಸಾಕು. ಒಬ್ಬರು ಹೇಳಿಕೊಡುವುದು, ಉಳಿದವರು ಹಿಂದೆ ಹಾಡುವುದು. ಸಾಲಿಗೆ ಐದಾರು ಪದ ಮೀರಬಾರದು.

ಆದರೆ ಎಲ್ಲ ರೂಪವನ್ನೂ ಎತ್ತಿಕೊಳ್ಳಬಹುದು ಅಂದುಕೊಳ್ಳಬೇಡಿ. ಸೋಬಾನೆ, ಕೋಲಾಟ, ಗಾದೆ, ಒಗಟು ಊರಿಗೆಲ್ಲ ಸೇರಿದವು. ಕಾಡುಗೊಲ್ಲರ ಗಣೆ ಹಾಗಲ್ಲ. ಅದು ಅವರ ದೈವ ಜುಂಜಪ್ಪನ ಪದಕ್ಕೆ ಮೀಸಲಾದ ಕೊಳಲು, ಅವರಿಗೆ ಅದು ಪೂಜೆ. ಅದನ್ನು ತಂದು ಕ್ರಿಸ್‌ಮಸ್ ವೇದಿಕೆಯಲ್ಲಿ ನುಡಿಸುವುದು ಸಂಸ್ಕೃತಿಯ ಗೌರವವಲ್ಲ. ಬಯಲಾಟದ ಮೇಳ ಕರೆಸುವ ಆಸೆ ಕೆಲವರಿಗಿದೆ. ಆಟ ಗಣಪತಿ ಸ್ತುತಿಯಿಂದಲೇ ಶುರುವಾಗುತ್ತದೆ. ದುಡ್ಡು ಕೊಡುತ್ತೇವೆಂದು ಅದನ್ನು ಬಿಡಿ ಎಂದು ಕಲಾವಿದರಿಗೆ ಹೇಳಬೇಡಿ. ಬೇಡವಾದರೆ ಮೇಳ ಕರೆಸಬೇಡಿ, ನಿಮ್ಮ ಮಕ್ಕಳಿಂದ ಬೀದಿನಾಟಕ ಆಡಿಸಿ. ಕಾವಿಯೂ ಹಾಗೆಯೇ. 17ನೇ ಶತಮಾನದಲ್ಲಿ ಮಧುರೈನಲ್ಲಿ ಪಾದ್ರಿ ರಾಬರ್ಟ್ ಡಿ ನೊಬಿಲಿ, ಮೈಸೂರು ಸೀಮೆಯಲ್ಲಿ ಪಾದ್ರಿ ಚಿನ್ನಮಿ, ಸನ್ಯಾಸಿಗಳ ಉಡುಪು ತೊಟ್ಟು ಬೋಧಿಸಿದರು. ಆ ಕಾಲಕ್ಕೆ ಅದು ತ್ಯಾಗವಾಗಿ ಕಂಡಿರಬಹುದು. ಮಠಗಳ ನಡುವಿನ ದಾವಣಗೆರೆಯಲ್ಲಿ ಇಂದು ಅದು ವೇಷವಾಗಿ ಕಾಣುತ್ತದೆ, ಕಂಡರೆ ತಪ್ಪೂ ಇಲ್ಲ.

ಊಟಕ್ಕೆ ಕರೆಯುವಾಗ ಎರಡು ಒಲೆ ಹೂಡಿ, ಪಾತ್ರೆ ಸೌಟು ಬೇರೆ ಇರಲಿ, ಸಸ್ಯಾಹಾರದ ಪಂಕ್ತಿ ಮೊದಲು ಏಳಲಿ. ಸೋಮವಾರ ಮಾಂಸದ ಊಟ ಇಟ್ಟುಕೊಂಡು ಲಿಂಗಾಯತ ನೆರೆಯವರನ್ನು ಕರೆಯಬೇಡಿ. ನವೆಂಬರಿನಿಂದ ಜನವರಿಯವರೆಗೆ ಬೀದಿಗೆ ಇಬ್ಬರಾದರೂ ಅಯ್ಯಪ್ಪ ಮಾಲೆ ಹಾಕಿರುತ್ತಾರೆ, ಅವರ ಮನೆಗೆ ಹಂಚುವ ತಟ್ಟೆಯಲ್ಲಿ ಕೇಕ್ ಬೇಡ, ಕರ್ಜಿಕಾಯಿ ಬಾಳೆಹಣ್ಣು ಇರಲಿ. ಕೇಕಿನಲ್ಲಿ ಮೊಟ್ಟೆ ಇದ್ದರೆ ಕೊಡುವಾಗಲೇ ಬಾಯಿಬಿಟ್ಟು ಹೇಳಿ. ಮಾಂಸಾಹಾರಿಗಳಾದರೆ ಚಿಂತೆಯಿಲ್ಲ ಅಂದುಕೊಂಡೀರಿ: ಮ್ಯಾಸಬೇಡರು ಕುರಿ ತಿನ್ನುತ್ತಾರೆ, ಸಂಪ್ರದಾಯಸ್ಥರು ಕೋಳಿ ಮುಟ್ಟುವುದಿಲ್ಲ. ಮೊಳಕಾಲ್ಮುರು ಕಡೆ ಚಿಕನ್ ಬಿರಿಯಾನಿ ಮಾಡಿಸಿ 'ಯಾಕೆ ಯಾರೂ ಕೂರಲಿಲ್ಲ' ಎಂದು ಕೇಳುವುದರಲ್ಲಿ ಅರ್ಥವಿಲ್ಲ.

ಜಾತ್ರೆಯಲ್ಲಿ ಕರಪತ್ರ ಹಂಚುವುದನ್ನು ಬಿಡಿ. ಬೇರೆಯವರ ಹಬ್ಬದ ಅಂಗಳ ಅದು. ಹರಿಹರದಲ್ಲಿ ಸೆಪ್ಟೆಂಬರ್ 8ರ ಆರೋಗ್ಯ ಮಾತೆಯ ಹಬ್ಬಕ್ಕೆ ಬಂದವರ ಕೈಗೆ ಇನ್ಯಾರೋ ತಮ್ಮ ಧರ್ಮದ ಚೀಟಿ ತುರುಕಿದರೆ ನಮಗೆ ಹೇಗನ್ನಿಸುತ್ತದೆ? ಮಾರ್ಚಿನ ಬಿಸಿಲಿನ ಜಾತ್ರೆಗೆ ಅರವಟ್ಟಿಗೆ ಇಡಬಹುದು, ಊರಿನ ಜಾತ್ರಾ ಸಮಿತಿಯನ್ನು ಕೇಳಿಕೊಂಡು. ತಲೆಗೆ ಕಾಲು ಲೀಟರ್ ಹಿಡಿದರೆ ಸಾವಿರ ಜನಕ್ಕೆ 250 ಲೀಟರ್, 20 ಲೀಟರಿನ ಹದಿಮೂರು ಕ್ಯಾನ್. ಸಭೆಯ ಹೆಸರಿನ ಸಣ್ಣ ಫಲಕ ಇರಲಿ, ಅಡಗಿ ಕೊಡುವುದೂ ಬೇಡ. ಆದರೆ ಲೋಟದ ಜೊತೆ ಚೀಟಿ ಬೇಡ. ಚೀಟಿ ಬಂದ ಕೂಡಲೇ ನೀರು ಗಾಳದ ಹುಳು ಆಗುತ್ತದೆ.

ಅದೇ ಕಾರಣಕ್ಕೆ ಅಕ್ಕಿ, ಶಾಲಾ ಫೀಸು, ಕೆಲಸದ ಭರವಸೆ ಯಾವುದನ್ನೂ ನಂಬಿಕೆಯ ಮಾತಿನ ಹತ್ತಿರಕ್ಕೂ ತರಬೇಡಿ. ಕೊಡುವುದಿದ್ದರೆ ಎಲ್ಲರಿಗೂ ಕೊಡಿ, ಪ್ರಾರ್ಥನೆಗೆ ಬಾರದವರಿಗೂ. ಕಾನೂನು ಗೊತ್ತಿರಲಿ: ಸಂವಿಧಾನದ 25ನೇ ವಿಧಿ ಧರ್ಮ ಪ್ರಚಾರದ ಹಕ್ಕು ಕೊಟ್ಟಿದೆ, 1977ರಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದಿತು. ರಾಜ್ಯದ 2022ರ ಮತಾಂತರ ತಡೆ ಕಾಯ್ದೆ ಉಡುಗೊರೆ, ಉದ್ಯೋಗ, ಉಚಿತ ಶಿಕ್ಷಣವನ್ನೂ ಆಮಿಷವೆಂದು ಎಣಿಸುತ್ತದೆ, ಮತಾಂತರಕ್ಕೆ 30 ದಿನ ಮುಂಚೆ ಜಿಲ್ಲಾಧಿಕಾರಿಗೆ ಘೋಷಣೆ ಕೊಡಲು ಕೇಳುತ್ತದೆ. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಸಂಪುಟದ ತೀರ್ಮಾನ ಒಂದರಿಂದಲೇ ಕಾಯ್ದೆ ರದ್ದಾಗುವುದಿಲ್ಲ, ಈ ದಿನದ ಸ್ಥಿತಿಯನ್ನು ವಕೀಲರಿಂದ ಬರಹದಲ್ಲಿ ಪಡೆದು ಫೈಲಿನಲ್ಲಿಡಿ. ಪರಿಶಿಷ್ಟ ಜಾತಿಯವರು ಕ್ರೈಸ್ತರಾಗುವ ದೀಕ್ಷಾಸ್ನಾನ ಕೇಳಿದರೆ, 1950ರ ಪರಿಶಿಷ್ಟ ಜಾತಿ ಆದೇಶದ ಪ್ರಕಾರ ಕ್ರೈಸ್ತರಾದವರಿಗೆ ಆ ಪ್ರಮಾಣಪತ್ರದ ಸವಲತ್ತು ಇಲ್ಲ ಎಂಬುದನ್ನು ಮೊದಲೇ, ಮನೆಯವರೆಲ್ಲರ ಎದುರು ಹೇಳಿ. ಆಮೇಲೆ ತಿಳಿದರೆ ಅವರು ಮೋಸ ಅನ್ನುತ್ತಾರೆ, ಅದು ಮೋಸವೇ. ರೋಗಿಗಾಗಿ ಪ್ರಾರ್ಥಿಸಿ, ಕ್ಷಯದ ಮಾತ್ರೆ, ಬಿ.ಪಿ. ಮಾತ್ರೆ ನಿಲ್ಲಿಸಿ ಎಂದು ಯಾರಾದರೂ ಹೇಳಿದರೆ ಮೈಕು ಕಸಿದುಕೊಳ್ಳಿ. ಮೈಕು ರಾತ್ರಿ 10ಕ್ಕೆ ಬಂದ್, ಅದಕ್ಕೂ ಮುಂಚೆ ವಸತಿ ಬೀದಿಯಲ್ಲಿ ಹಗಲಿನ ಮಿತಿ 55 ಡೆಸಿಬೆಲ್. ಹಾರ್ನ್ ಸ್ಪೀಕರನ್ನು ಪಕ್ಕದ ಮನೆಯ ಕಿಟಕಿಗೆ ಮುಖ ಮಾಡಿ ಕಟ್ಟಿ 'ನೆರೆಯವನನ್ನು ಪ್ರೀತಿಸು' ಎಂದು ಬೋಧಿಸುವುದನ್ನು ಆ ಕಿಟಕಿಯೊಳಗಿನವರು ಹೇಗೆ ಕೇಳಿಸಿಕೊಳ್ಳುತ್ತಾರೋ ನೀವೇ ಊಹಿಸಿ.

ಈ ವರ್ಷಕ್ಕೆ ಒಂದೇ ಕೋರಿಕೆ. ಕರಪತ್ರ ಪ್ರೆಸ್ಸಿಗೆ ಹೋಗುವ ಹದಿನೈದು ದಿನ ಮುಂಚೆ ಅದರ ಕರಡನ್ನು ಸಭೆಯ ಹೊರಗಿನ ಮೂವರಿಗೆ ಕೊಡಿ: ಒಬ್ಬ ಕನ್ನಡ ಮೇಷ್ಟರು, ಒಬ್ಬ ರೈತ, ಸ್ವಸಹಾಯ ಸಂಘದ ಒಬ್ಬ ಅಕ್ಕ. ಜೊತೆಗೊಂದು ಪೆನ್ಸಿಲ್ ಕೊಡಿ. ಅರ್ಥವಾಗದ ಪದಕ್ಕೆ ಗೆರೆ ಎಳೆಯಲಿ, ನೋವಾದ ಪದಕ್ಕೆ ಸೊನ್ನೆ ಸುತ್ತಲಿ. ಆ ಮೂರು ಹಾಳೆಗಳನ್ನು ಕಮಿಟಿಯ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಶಾಮಿಯಾನದ ವಿಷಯ ಆಮೇಲೆ ಎತ್ತಿಕೊಳ್ಳಿ.

ಇಂತಿ ತಮ್ಮ,
ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಕೆಲವು ಸಭಾಸದಸ್ಯರು